ಮುಗಿಯದ ಕಥೆಗೆ ದಿನಾ ಹಾಜರಿ



ಕ್ರಿಸ್ಮಸ್ ನಾಟಕದ ತಾಲೀಮು ನಡೆಯುವಾಗ ಒಂದು ಸಂಜೆ ನಮ್ಮ ಮೂವರು ಜ್ಞಾನಿಗಳಲ್ಲಿ ಒಬ್ಬ ಕಾಣೆಯಾದ. ಗೋದಲಿ ಸಿದ್ಧವಾಗಿತ್ತು, ನಕ್ಷತ್ರಕ್ಕೆ ಬಲ್ಬು ಹಾಕಿಯಾಗಿತ್ತು, ಹೆರೋದನೂ ಮೀಸೆ ಅಂಟಿಸಿಕೊಂಡು ಕೂತಿದ್ದ. ಹುಡುಕಿದರೆ ದೇವಾಲಯದ ಹಿಂದಿನ ಬೇವಿನ ಮರದ ಕೆಳಗೆ, ತಲೆಯ ಮೇಲಿನ ಕಾಗದದ ಕಿರೀಟವನ್ನೂ ತೆಗೆಯದೆ, ಫೋನು ಹಿಡಿದು ಕೂತಿದ್ದಾನೆ. “ಐದೇ ನಿಮಿಷ ಅಣ್ಣಾ. ಇವತ್ತ ಲಾಸ್ಟ್ ದಿನ ಅದ. ಇವತ್ತ ಆಡ್ಲಿಲ್ಲಂದ್ರ ಈ ಕಥಿ ಮತ್ತ ಬರಂಗಿಲ್ಲ.”

ಬೈದು ಕರೆದುಕೊಂಡು ಬಂದೆವು. ನಾಟಕವೂ ಚೆನ್ನಾಗಿಯೇ ಆಯಿತು. ಆದರೆ ಅವನ ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಕಥೆ ಮತ್ತೆ ಬರುವುದಿಲ್ಲ ಅಂದರೇನು? ನಮ್ಮ ಅಜ್ಜಿಯರು ಒಂದೇ ಕಥೆಯನ್ನು ನೂರು ಸಲ ಹೇಳಿದ್ದಾರೆ, ನಾವು ನೂರು ಸಲ ಕೇಳಿದ್ದೇವೆ. ಜ್ವರ ಬಂದು ಒಂದು ರಾತ್ರಿ ಮಲಗಿಬಿಟ್ಟರೆ ಮಾರನೇ ರಾತ್ರಿ ಹೇಳುತ್ತಿದ್ದರು.

ಜನವರಿಯಲ್ಲಿ ಅವನ ಅವ್ವ ಬಲಿಪೂಜೆ ಮುಗಿದ ಮೇಲೆ ನಮ್ಮ ಹತ್ತಿರ ಬಂದು ನಿಂತರು. ಕಬ್ಬು ಕಡಿದ ಕೂಲಿ ಅವರ ಖಾತೆಗೆ ಬಿದ್ದಿತ್ತು. ಅದರಲ್ಲಿ 6,400 ರೂಪಾಯಿ ಇಲ್ಲ. ಒಂದೇ ಸಲ ಹೋಗಿಲ್ಲ, ಹನ್ನೊಂದು ಸಲ ಸಣ್ಣ ಸಣ್ಣದಾಗಿ ಹೋಗಿದೆ. “ಕಳ್ರು ಒಯ್ದಿದ್ರ ಒಂದೇ ಸಲ ಒಯ್ತಿದ್ರಲ್ಲಪ್ಪಾ” ಅಂದರು. ಹುಡುಗನ ಹೆಸರು ಇಲ್ಲಿ ಬೇಡ, ಆಟದ ಹೆಸರೂ ಬೇಡ. ತಾಯಿ ಮಗ ಇಬ್ಬರನ್ನೂ ಕೇಳಿಯೇ ಇಷ್ಟು ಬರೆದಿದ್ದೇವೆ.

ಮೊದಲೇ ಒಂದು ಮಾತು. ಫೋನು ಸೈತಾನನ ಪೆಟ್ಟಿಗೆ, ಆಟ ಆಡಿದವರೆಲ್ಲ ಕೆಟ್ಟರು ಅನ್ನುವ ಪಂಗಡದವರಲ್ಲ ನಾವು. ಯುವಕೂಟದ ಸಮಿತಿಯಲ್ಲಿರುವ ನಾವೂ ಆಡುತ್ತೇವೆ. ಮೊಗುಡಂಪಲ್ಲಿಯಿಂದ ಜಹೀರಾಬಾದಿಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೂತು ಆಡಿದ್ದೇವೆ, ನಿದ್ದೆಗೆಟ್ಟೂ ಆಡಿದ್ದೇವೆ. ಬಂದೂಕಿನ ಆಟಗಳ ಬಗ್ಗೆ ಇನ್ನೊಮ್ಮೆ ಜಗಳವಾಡೋಣ. ಇವತ್ತಿನ ನಮ್ಮ ತಕರಾರು ಒಂದೇ ಒಂದು ವಿಷಯದ ಮೇಲೆ: ಕಥೆ ಹೇಳುವ ಆಟಕ್ಕೆ ‘ಲೈವ್ ಸರ್ವಿಸ್’ ಎಂಬ ಮೂಗುದಾರ ಪೋಣಿಸುವುದು.

ಹಿರಿಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಆರ್‌ಪಿಜಿ ಅಂದರೆ ಪಾತ್ರ ವಹಿಸಿ ಆಡುವ ಆಟ. ನೀವೊಬ್ಬ ಸೈನಿಕನೋ, ವೈದ್ಯೆಯೋ, ಮನೆ ಬಿಟ್ಟು ಹೊರಟ ಅನಾಥನೋ ಆಗುತ್ತೀರಿ. ಊರೂರು ತಿರುಗುತ್ತೀರಿ, ಜನರ ಜೊತೆ ಮಾತಾಡುತ್ತೀರಿ, ಯಾರನ್ನು ಉಳಿಸಬೇಕು, ಯಾರನ್ನು ಕ್ಷಮಿಸಬೇಕು ಎಂದು ನೀವೇ ತೀರ್ಮಾನಿಸುತ್ತೀರಿ. ಒಳ್ಳೆಯ ಕಾದಂಬರಿ ಓದಿದ ಹಾಗೆ, ಆದರೆ ಪುಟ ತಿರುಗಿಸುವುದು ನಿಮ್ಮ ನಿರ್ಧಾರ. ಮೊದಲೆಲ್ಲ ಇಂಥ ಆಟವನ್ನು ಒಂದು ಸಲ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಕಥೆ ಮುಗಿಯುವವರೆಗೆ ಆಡುತ್ತಿದ್ದರು, ಆಮೇಲೆ ತಮ್ಮನಿಗೆ ಕೊಡುತ್ತಿದ್ದರು.

ಲೈವ್ ಸರ್ವಿಸ್ ಅಂದರೆ ಆಟ ಯಾವತ್ತೂ ಮುಗಿಯುವುದಿಲ್ಲ. ಅದು ಕಂಪನಿಯ ಸರ್ವರಿನಲ್ಲೇ ಇರುತ್ತದೆ, ನಿಮ್ಮ ಹತ್ತಿರ ಇರುವುದಿಲ್ಲ. ಕೆಲವು ವಾರಕ್ಕೊಮ್ಮೆ ಹೊಸ ತುಂಡು ಬರುತ್ತದೆ. ದಿನಾ ಹಾಜರಾದವರಿಗೆ ಉಡುಗೊರೆ. ಇಂತಿಷ್ಟು ದಿನ ಮಾತ್ರ ಸಿಗುವ ಪಾತ್ರ, ಇಂತಿಷ್ಟು ದಿನ ಮಾತ್ರ ನಡೆಯುವ ಹಬ್ಬ. ಮಧ್ಯೆ ಮಧ್ಯೆ ಅಂಗಡಿ.

ಹೆಸರು ಹಿಡಿದೇ ನೋಡೋಣ. ಚೀನಾದ ಮಿಹೋಯೋ ಕಂಪನಿಯ ‘ಗೆನ್‌ಶಿನ್ ಇಂಪ್ಯಾಕ್ಟ್’ 2020ರ ಸೆಪ್ಟೆಂಬರ್ 28ರಂದು ಬಂತು. ನಮ್ಮ ಕೂಟದಲ್ಲೂ ಅದನ್ನು ಬಲ್ಲವರಿದ್ದಾರೆ. ಸುಳ್ಳು ಹೇಳಬಾರದು, ಅದರ ಸಂಗೀತ ಚೆಂದ, ಬೆಟ್ಟ ಕಣಿವೆಗಳು ಚೆಂದ, ಮುಖ್ಯ ಕಥೆಯನ್ನು ಒಂದು ಪೈಸೆ ಕೊಡದೆ ಆಡಬಹುದು. ಆದರೆ ಆ ಚೆಂದದ ಕೆಳಗಿನ ಯಂತ್ರವನ್ನು ನೋಡಿ. ಅದರಲ್ಲಿ ‘ರೆಸಿನ್’ ಎಂಬುದೊಂದಿದೆ. ಪಾತ್ರಗಳನ್ನು ಬಲಪಡಿಸುವ ಸಾಮಾನು ಬೇಕಾದರೆ ಅದನ್ನು ಖರ್ಚು ಮಾಡಬೇಕು. ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ, 200 ಆದ ಮೇಲೆ ತುಂಬುವುದು ನಿಲ್ಲುತ್ತದೆ. ಲೆಕ್ಕ ಹಾಕಿ: 1,600 ನಿಮಿಷ, ಅಂದರೆ 26 ಗಂಟೆ 40 ನಿಮಿಷ. ಒಂದು ದಿನಕ್ಕಿಂತ ಒಂಚೂರು ಜಾಸ್ತಿ. ನೀವು ದಿನಾ ಬರಲೇಬೇಕು, ಬರದಿದ್ದರೆ ನಿಮ್ಮ ಕೊಡ ತುಂಬಿ ನೀರು ಚೆಲ್ಲಿಹೋಗುತ್ತದೆ. ನಮ್ಮೂರಿನಲ್ಲಿ ನಲ್ಲಿ ನೀರಿಗೆ ಕಾದವರಿಗೆ ಈ ಸಂಕಟ ಹೊಸದಲ್ಲ. ಆದರೆ ನೀರಿಗೆ ಕಾಯುವುದು ಬಾಯಾರಿಕೆಗೆ. ಇದು ಯಾಕೆ?

ಇನ್ನೊಂದು. ಏಷ್ಯಾದ ಸರ್ವರಿನಲ್ಲಿ ಆ ಆಟದ ಹೊಸ ದಿನ ಬೆಳಗಿನ 4 ಗಂಟೆಗೆ ಶುರುವಾಗುತ್ತದೆ. ಆದರೆ ಆ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಮ್ಮ ಪಾಲಿಗೆ ಅದು ರಾತ್ರಿ 1:30. ಮಗನ ಕೋಣೆಯಲ್ಲಿ ಒಂದು ಗಂಟೆಯ ಮೇಲೂ ಬೆಳಕು ಯಾಕೆ ಎಂದು ಕೇಳುವ ತಾಯಂದಿರೇ, ಪರೀಕ್ಷೆಯ ಓದು ಅಂದುಕೊಂಡಿದ್ದರೆ ಒಮ್ಮೆ ಗಡಿಯಾರ ನೋಡಿ.

ಈಗ ದುಡ್ಡಿನ ಭಾಗ. ಜಾತ್ರೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಒಂದು ರೂಪಾಯಿಗೆ ಚೀಟಿ ಹರಿಯುವ ರಟ್ಟು ತೂಗುಹಾಕುತ್ತಿದ್ದದ್ದು ನೆನಪಿದೆಯಲ್ಲ? ಮೇಲೆ ದೊಡ್ಡ ಬ್ಯಾಟು, ಕೈಗಡಿಯಾರ. ಚೀಟಿ ಹರಿದರೆ ಸಿಗುತ್ತಿದ್ದದ್ದು ಬಬಲ್‌ಗಮ್. ಗಾಚಾ ಅನ್ನುವುದೂ ಅದೇ. ಜಪಾನಿನಲ್ಲಿ ನಾಣ್ಯ ಹಾಕಿ ತಿರುಗಿಸಿದರೆ ಆಟಿಕೆ ಉದುರುವ ಪೆಟ್ಟಿಗೆಯಿಂದ ಬಂದ ಹೆಸರು. ಗೆನ್‌ಶಿನ್‌ನಲ್ಲಿ ಒಂದು ಸಲ ಚೀಟಿ ಹರಿಯಲು 160 ಹರಳು ಬೇಕು. ಐದು ನಕ್ಷತ್ರದ ಪಾತ್ರ ಬರುವ ಸಾಧ್ಯತೆ ಪ್ರತಿ ಸಲಕ್ಕೆ ಶೇ. 0.6. ತೊಂಬತ್ತನೇ ಸಲಕ್ಕೆ ಖಂಡಿತ ಒಂದು ಬರುತ್ತದೆ, ಆದರೆ ಅದು ನೀವು ಬಯಸಿದ ಪಾತ್ರವೇ ಆಗಬೇಕೆಂದಿಲ್ಲ. ಅದೃಷ್ಟ ಪೂರ್ತಿ ಕೆಟ್ಟರೆ 180 ಸಲ, ಅಂದರೆ 28,800 ಹರಳು.

ಬಿಎಸ್‌ಸಿಯಲ್ಲಿ ಓದಿದ ಸಂಭವನೀಯತೆ ಇಲ್ಲಾದರೂ ಉಪಯೋಗಕ್ಕೆ ಬರಲಿ. ಅಮೆರಿಕದ ಬೆಲೆಯಲ್ಲಿ ನೂರು ಡಾಲರಿನ ದೊಡ್ಡ ಪೊಟ್ಟಣ ಕೊಂಡರೆ 8,080 ಹರಳು, ಅಂದರೆ 50 ಚೀಟಿ. 0.994ನ್ನು 50 ಸಲ ಗುಣಿಸಿ. ಬರುವುದು 0.74. ಹೊಸದಾಗಿ ಎಣಿಕೆ ಶುರುಮಾಡಿ ಇಷ್ಟು ದುಡ್ಡು ಹಾಕಿದ ನೂರು ಜನರಲ್ಲಿ 74 ಜನಕ್ಕೆ ಒಂದೇ ಒಂದು ಐದು ನಕ್ಷತ್ರದ ಪಾತ್ರವೂ ಬರುವುದಿಲ್ಲ. ನಮ್ಮ ಕಡೆ ಎಂಟು ಸಾವಿರ ರೂಪಾಯಿ ದಾಟುವ ಮೊತ್ತ ಅದು. ಎಷ್ಟು ದಿನದ ಕೂಲಿ ಎಂದು ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳಿ.

ಈ ಲೆಕ್ಕ ಮಾಡಿದವರು ನಾವೇ ಮೊದಲಲ್ಲ. ಜಪಾನಿನ ಗ್ರಾಹಕ ಇಲಾಖೆ 2012ರಲ್ಲೇ ಗಾಚಾದ ಒಂದು ಬಗೆಯನ್ನು ಕಾನೂನುಬಾಹಿರ ಅಂದಿತು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜು ಅಂದಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಗೆನ್‌ಶಿನ್ ಪ್ರಕಾಶಕರಿಂದ 2 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಹದಿನಾರು ತುಂಬದ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ಇಂಥ ಪೆಟ್ಟಿಗೆ ಮಾರಬಾರದು ಎಂಬ ಷರತ್ತನ್ನೂ ಹಾಕಿತು. ಆರೋಪಗಳನ್ನು ಕಂಪನಿ ಪೂರ್ತಿ ಒಪ್ಪಲಿಲ್ಲ, ಆದರೆ ದುಡ್ಡು ಕಟ್ಟಲು ಒಪ್ಪಿತು.

ನಮ್ಮಲ್ಲಿ? ತೆಲಂಗಾಣ ಸರ್ಕಾರ 2017ರಲ್ಲೇ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಆಚೆ ಕರ್ನಾಟಕದಲ್ಲಿ 2021ರಲ್ಲಿ ಮಾಡಿದ ಕಾನೂನನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. ಹಾಗಾಗಿ ಒಂದಷ್ಟು ಕಾಲ ಜಹೀರಾಬಾದಿನಲ್ಲಿ ಅಪರಾಧವಾದದ್ದು ಬೀದರಿನಲ್ಲಿ ಮನರಂಜನೆಯಾಗಿತ್ತು. ಗಡಿಯಲ್ಲಿ ಬದುಕುವವರಿಗೆ ಇಂಥ ತಮಾಷೆಗಳು ಮಾಮೂಲು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾನೂನು ಮಾಡಿತು. ಅದರ ಕಣ್ಣು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲಿದೆ. ಗಾಚಾದಲ್ಲಿ ನೀವು ಎಷ್ಟೇ ಗೆದ್ದರೂ ಒಂದು ರೂಪಾಯಿ ತಿರುಗಿ ಬರುವುದಿಲ್ಲ. ರಮ್ಮಿಯಲ್ಲಿ ಒಮ್ಮೊಮ್ಮೆಯಾದರೂ ಗೆಲ್ಲುತ್ತಾರೆ ಮಾರಾಯರೆ! ಬರೀ ಸೋಲೇ ಇರುವ ಆಟಕ್ಕೆ ಜೂಜಿನ ಹೆಸರೂ ಇಲ್ಲ, ಜೂಜಿನ ನಾಚಿಕೆಯೂ ಇಲ್ಲ.

ಆದರೂ ದುಡ್ಡೇ ನಮ್ಮ ದೊಡ್ಡ ತಕರಾರಲ್ಲ. ಆ ಹುಡುಗ 6,400 ರೂಪಾಯಿಯನ್ನು ರಜೆಯಲ್ಲಿ ದುಡಿದು ತೀರಿಸುತ್ತೇನೆ ಅಂದಿದ್ದಾನೆ, ತೀರಿಸುತ್ತಾನೆ. ನಮಗೆ ಹೊಟ್ಟೆ ಉರಿಯುವುದು ಕಥೆಗೆ ಆಗುತ್ತಿರುವ ಅನ್ಯಾಯಕ್ಕೆ.

ಮತ್ತೆ ಗೆನ್‌ಶಿನ್‌ಗೇ ಬರೋಣ. 2020ರ ನವೆಂಬರಿನಲ್ಲಿ ಅದರಲ್ಲಿ ಆಕಾಶದಿಂದ ಉಲ್ಕೆಗಳು ಬೀಳುವ ಒಂದು ಪ್ರಸಂಗ ನಡೆಯಿತು. ಮುಂದೆ ಕಥೆಯಲ್ಲಿ ಬಹಳ ದೊಡ್ಡವನಾಗುವ ಸ್ಕಾರಮೂಷ್ ಎಂಬ ಪಾತ್ರ ಮೊದಲು ಕಾಣಿಸಿಕೊಂಡದ್ದು ಅಲ್ಲೇ. ಕೆಲವು ವಾರಗಳಲ್ಲಿ ಆ ಪ್ರಸಂಗ ಮುಗಿಯಿತು, ಆಟದಿಂದಲೇ ಹೋಯಿತು. ಇವತ್ತು ಹೊಸದಾಗಿ ಆಡುವವನು ಅದನ್ನು ಆಡಲಾರ. ಬೇರೆಯವರು ಆಡಿದ ವಿಡಿಯೋ ನೋಡಬೇಕು ಅಷ್ಟೆ. ಒಂದು ಕಾದಂಬರಿಯ ಮೂರನೇ ಅಧ್ಯಾಯವನ್ನು ಹರಿದು, “ನೀವು ಆ ತಿಂಗಳು ಗ್ರಂಥಾಲಯಕ್ಕೆ ಬಂದಿರಲಿಲ್ಲ” ಎಂದು ಹೇಳಿದ ಹಾಗೆ.

ಇದು ಪುಕ್ಕಟೆ ಆಟದ ಕಥೆಯಾಯಿತು. ದುಡ್ಡು ಕೊಟ್ಟವರ ಗತಿಯೂ ಅಷ್ಟೇ. ‘ಡೆಸ್ಟಿನಿ 2’ 2017ರಲ್ಲಿ ಬಂದಾಗ ‘ರೆಡ್ ವಾರ್’ ಎಂಬ ಅದರ ಮೂಲ ಕಥೆಗೇ ಜನ ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದರು. 2020ರ ನವೆಂಬರಿನಲ್ಲಿ ಕಂಪನಿ ಆ ಕಥೆಯನ್ನು ಆಟದಿಂದ ತೆಗೆದುಹಾಕಿತು. ಆಟ ಬಹಳ ದೊಡ್ಡದಾಯಿತು, ಜಾಗ ಬೇಕು ಅಂದರು. ಇನ್ನು ‘ಆಂಥಮ್’. ಮಾಸ್ ಎಫೆಕ್ಟ್, ಡ್ರ್ಯಾಗನ್ ಏಜ್‌ನಂಥ ಒಳ್ಳೊಳ್ಳೆಯ ಕಥೆಗಳನ್ನು ಕೊಟ್ಟ ಬಯೋವೇರ್ ಎಂಬ ಸಂಸ್ಥೆಯೇ 2019ರಲ್ಲಿ ಮಾಡಿದ ಲೈವ್ ಸರ್ವಿಸ್ ಆಟ. 2026ರ ಜನವರಿ 12ರಂದು ಅದರ ಸರ್ವರ್ ಆರಿಸಿದರು. ಈಗ ಅದರ ಡಿಸ್ಕು ಮನೆಯಲ್ಲಿದ್ದರೂ ಆಡಲಾಗದು. ಚಹಾ ಲೋಟ ಇಡಲು ಆಗಬಹುದು.

ನಮ್ಮ ಕಡೆಯ ಮಕ್ಕಳು ಇವುಗಳಲ್ಲಿ ಎರಡನ್ನು ಕಣ್ಣಲ್ಲೂ ನೋಡಿಲ್ಲ, ಗೊತ್ತು. ಆದರೆ ದೊಡ್ಡ ಆಟಗಳಲ್ಲಿ ಇವತ್ತು ಮಾಡಿದ್ದನ್ನು ನಾಳೆ ಫೋನಿನ ಆಟಗಳಲ್ಲೂ ಮಾಡುತ್ತಾರೆ.

ಇದರ ಹಿಂದೆ ಒಂದು ವಾದ ಇದೆ: ಬರೀ ಕಥೆ ಈಗಿನ ಹುಡುಗರಿಗೆ ಸಾಲದು. 2024ರ ಅಕ್ಟೋಬರಿನಲ್ಲಿ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಬಂತು. ಅದನ್ನು ಮೊದಲು ಲೈವ್ ಸರ್ವಿಸ್ ಮಾಡಲು ಹೊರಟು, ವರ್ಷಗಟ್ಟಲೆ ಒದ್ದಾಡಿ, ಕಡೆಗೆ ಒಬ್ಬರೇ ಆಡುವ ಕಥೆಯಾಗಿ ತಿರುಗಿಸಿದ್ದರು. ನಿರೀಕ್ಷೆಯಷ್ಟು ಜನ ಆಡಲಿಲ್ಲ. ಆಗ ಇಎ ಕಂಪನಿಯ ಮುಖ್ಯಸ್ಥರು ಹೂಡಿಕೆದಾರರ ಮುಂದೆ ಹೇಳಿದ್ದೇನು? ಜನ ಈಗ ಒಳ್ಳೆಯ ಕಥೆಯ ಜೊತೆಗೆ ಎಲ್ಲರೂ ಕೂಡಿ ಇರುವ ಲೋಕವನ್ನೂ ಬಯಸುತ್ತಾರೆ, ಎಂದು. ಅಂದರೆ ಗಾಯವೂ ಲೈವ್ ಸರ್ವಿಸ್‌ನದೇ, ಮದ್ದೂ ಅದೇ! ಅದಕ್ಕೆ ಒಂದು ವರ್ಷ ಮೊದಲು, 2023ರ ಆಗಸ್ಟಿನಲ್ಲಿ, ‘ಬಾಲ್ಡರ್ಸ್ ಗೇಟ್ 3’ ಬಂದಿತ್ತು. ಅದರೊಳಗೆ ಅಂಗಡಿಯಿಲ್ಲ, ದಿನದ ಹಾಜರಿಯಿಲ್ಲ. ಒಂದು ಸಲ ಕೊಂಡರೆ ಮುಗಿಯಿತು. ಆ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿ ಅದಕ್ಕೇ ಬಂತು. 2025ರ ಏಪ್ರಿಲಿನಲ್ಲಿ ಫ್ರಾನ್ಸಿನ ಒಂದು ಹೊಸ ತಂಡ ಮಾಡಿದ ‘ಎಕ್ಸ್‌ಪೆಡಿಷನ್ 33’ ಮೂರೇ ದಿನದಲ್ಲಿ ಹತ್ತು ಲಕ್ಷ ಮಾರಾಟವಾಯಿತು. ಅದೂ ಮುಗಿಯುವ ಕಥೆಯೇ. ಕಥೆ ಸಾಲದು ಅನ್ನುವವರು ಕಥೆ ಬರೆಯುವವರಲ್ಲ, ಲೆಕ್ಕ ಬರೆಯುವವರು.

ಇಷ್ಟನ್ನೂ ಯುವಕೂಟದಲ್ಲಿ ಹೇಳಿದಾಗ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಒಬ್ಬಳು ಎದ್ದು ಕೇಳಿದಳು: “ಅಣ್ಣಾ, ನೀವ್ ಹೇಳೋ ಆಟಕ್ಕ ಮೂರು ಸಾವಿರ ಕೊಡ್ಬೇಕು, ಮ್ಯಾಲ ಕಂಪ್ಯೂಟರ್ ಬೇಕು. ನಮ್ಮಂಥೋರಿಗೆ ಪುಕ್ಕಟೆ ಸಿಗೋದು ಇದೊಂದೇ. ಅದನ್ನೂ ಬ್ಯಾಡ ಅಂದ್ರ ಹ್ಯಾಂಗ?”

ಈ ಪ್ರಶ್ನೆಗೆ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಡವರ ಮಕ್ಕಳಿಗೆ ಚೆಂದದ್ದು ಬೇಡವೇ ಎಂದು ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಅವಳು ಎರಡು ವರ್ಷದಿಂದ ಒಂದು ಪೈಸೆ ಕೊಡದೆ ಆಡಿದ್ದಾಳೆ, ಅವಳ ಮನಸ್ಸು ಗಟ್ಟಿ. ಆದರೆ ಮನೆಗೆ ಹೋಗಿ ಯೋಚಿಸಿದಾಗ ಅನ್ನಿಸಿದ್ದು ಇದು: ಪುಕ್ಕಟೆ ಅಂದರೆ ಯಾರೋ ಕೊಡುತ್ತಿದ್ದಾರೆ ಅಂತಲೇ ಅರ್ಥ. ಅವಳ ಆಟದ ಖರ್ಚನ್ನು ಕೊಡುತ್ತಿರುವುದು ದುಬೈನ ಶ್ರೀಮಂತ ಮಾತ್ರವಲ್ಲ, ಕೈ ತಡೆಯಲಾರದ ಆ ಹುಡುಗನೂ, ಕಬ್ಬು ಕಡಿದ ಅವನ ಅವ್ವನೂ. ಗಟ್ಟಿ ಮನಸ್ಸಿನವರ ಕಥೆಗೆ ದುರ್ಬಲರಿಂದ ವಸೂಲಿ. ಯಾರು ದುರ್ಬಲರು ಎಂದು ಹುಡುಕುವ ಕೆಲಸವನ್ನು ಆ ಹರಳು, ಚೀಟಿ, ಕಡೇ ದಿನದ ಎಣಿಕೆ ಮಾಡಿಕೊಡುತ್ತವೆ. ಪವಿತ್ರ ಶುಕ್ರವಾರದ ಪಾಡುಗಳಲ್ಲಿ ಪ್ರತಿ ವರ್ಷ ಕೇಳುತ್ತೇವೆ, ಶಿಲುಬೆಯ ಕೆಳಗೆ ಸೈನಿಕರು ಒಂದು ಅಂಗಿಗಾಗಿ ಚೀಟಿ ಹಾಕುತ್ತಾ ಕೂತರು. ಮೇಲೆ ಏನು ನಡೆಯುತ್ತಿದೆ ಎಂದು ತಲೆ ಎತ್ತಲಿಲ್ಲ.

ಇನ್ನೊಬ್ಬ ಬುರ್ರಕಥೆಯ ಉದಾಹರಣೆ ಕೊಟ್ಟ. ಅವರೂ ಕಥೆ ಏರಿದ ಹೊತ್ತಿಗೆ ನಿಲ್ಲಿಸಿ ದುಡ್ಡು ಕೇಳುತ್ತಾರಲ್ಲ, ಅದೂ ಇದೂ ಒಂದೇ ಅಲ್ಲವೇ? ಒಳ್ಳೆ ಮಾತು, ನಮಗೇ ಹೊಳೆದಿರಲಿಲ್ಲ. ಕೇಳುತ್ತಾರೆ, ನಿಜ. ಹತ್ತು ರೂಪಾಯಿ ಹಾಕಿದವನ ಹೆಸರು ಹಾಡಿ ಹೊಗಳುತ್ತಾರೆ. ಆದರೆ ಏನೂ ಹಾಕದೆ ಹಿಂದೆ ಕಂಬಳಿ ಹೊದ್ದು ಕೂತವನಿಗೂ ಮುಂದಿನ ಕಥೆ ಅಷ್ಟೇ ಕೇಳಿಸುತ್ತದೆ. ಬೆಳಗಾಗುವುದರೊಳಗೆ ಮುಗಿಸಿ ಎದ್ದುಹೋಗುತ್ತಾರೆ. ನಿನ್ನ ಮನೆಯ ಬಾಗಿಲಲ್ಲಿ ರಾತ್ರಿ ಒಂದೂವರೆಗೆ ಬಂದು ತಮಟೆ ಬಡಿಯುವುದಿಲ್ಲ.

ಯೇಸುಸ್ವಾಮಿಯೂ ಕಥೆಗಾರರೇ ಆಗಿದ್ದರು. ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ಕಡೆಗೆ ಅಣ್ಣ ಮನೆಯ ಹೊರಗೇ ನಿಂತಿದ್ದಾನೆ, ಒಳಗೆ ಬಂದನೋ ಇಲ್ಲವೋ ಸ್ವಾಮಿ ಹೇಳುವುದಿಲ್ಲ. ಕಥೆ ಅಲ್ಲಿಗೆ ನಿಲ್ಲುತ್ತದೆ, ನಾವು ಇವತ್ತಿಗೂ ಅದನ್ನು ಯೋಚಿಸುತ್ತೇವೆ. ಒಳ್ಳೆಯ ಕಥೆಯ ಬಾಗಿಲು ತೆರೆದಿದ್ದರೂ ಅದು ನಮ್ಮನ್ನು ಮನೆಗೆ ಕಳಿಸುತ್ತದೆ, ಬದುಕಲಿಕ್ಕೆ. ಲೈವ್ ಸರ್ವಿಸ್ ಕಥೆಗೆ ನಾವು ಮನೆಗೆ ಹೋಗುವುದೇ ನಷ್ಟ.

ಹಾಗಾಗಿ ಸಮಿತಿಯಲ್ಲಿ ಕೂತು ಕೆಲವು ವಿಷಯ ನಿರ್ಧರಿಸಿದ್ದೇವೆ. ಯಾರಿಗೂ ಒತ್ತಾಯವಿಲ್ಲ. ತಂದೆತಾಯಂದಿರು ಫೋನಿನ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಳ್ಳಿ, ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಬರದಿದ್ದರೆ ಭಾನುವಾರ ಫೋನು ತನ್ನಿ, ನಾವೇ ಮಾಡಿಕೊಡುತ್ತೇವೆ. ಧರ್ಮಕೇಂದ್ರದ ಸಭಾಂಗಣದಲ್ಲಿರುವ ಹಳೆಯ ಕಂಪ್ಯೂಟರಿಗೆ ‘ಸ್ಟಾರ್‌ಡ್ಯೂ ವ್ಯಾಲಿ’ ಹಾಕಿಸಿದ್ದೇವೆ. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಬಿಟ್ಟ ಆಟ. ಅಜ್ಜನ ಹೊಲಕ್ಕೆ ಮರಳಿ ಬಂದ ಮೊಮ್ಮಗನ ಕಥೆ. ಕೆಲವು ನೂರು ರೂಪಾಯಿ ಒಂದು ಸಲ ಕೊಟ್ಟದ್ದು, ಹೊಸ ಭಾಗಗಳನ್ನೂ ಆತ ಪುಕ್ಕಟೆಯಾಗಿಯೇ ಕೊಡುತ್ತಾ ಬಂದಿದ್ದಾನೆ. ನೀವು ಒಂದು ತಿಂಗಳು ಬರದಿದ್ದರೂ ಅಲ್ಲಿನ ಬೆಳೆ ಒಣಗುವುದಿಲ್ಲ, ನೀವು ನಿಲ್ಲಿಸಿದ ದಿನವೇ ನಿಂತಿರುತ್ತದೆ. ನಮ್ಮ ಶುಂಠಿಗೂ ಹಾಗೆ ಇದ್ದಿದ್ದರೆ ಎಂದು ಒಬ್ಬ ಅಪ್ಪ ನಕ್ಕರು. ಶನಿವಾರ ಸಂಜೆ ಐದರಿಂದ ಏಳು, ನಾಲ್ಕು ನಾಲ್ಕು ಜನ ಸರದಿಯಲ್ಲಿ ಆಡಬಹುದು.

ಇನ್ನು ನಮ್ಮ ಜ್ಞಾನಿ. ತಪಸ್ಸುಕಾಲದಲ್ಲಿ ಏನು ಬಿಡುತ್ತೀಯ ಎಂದು ಕೇಳಿದೆವು. ಅವನ ಆಟದಲ್ಲೂ ಒಂದು ಕಂತು ಆರು ವಾರ ನಡೆಯುತ್ತದೆಯಂತೆ, 42 ದಿನ. ನಲವತ್ತು ದಿನ ಬಿಟ್ಟರೆ ಒಂದು ಪೂರ್ತಿ ಕಂತೇ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ “ಮಾಂಸ ಬಿಡ್ತೀನಣ್ಣಾ” ಅಂದ. ನಾವು ನಕ್ಕೆವು, ಅವನೂ ನಕ್ಕ. ವಿಭೂತಿ ಬುಧವಾರ ರಾತ್ರಿ ಹತ್ತಕ್ಕೆ ಅವನಿಂದ ಒಂದು ಮೆಸೇಜು ಬಂತು: ಫೋನನ್ನು ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇನೆ, ಇದು ತಂಗಿಯ ಫೋನು, ಶನಿವಾರ ನನ್ನ ಸರದಿ ಎಷ್ಟು ಗಂಟೆಗೆ?